ರಿಪೇರಿ ಇರುವ ವಿಮಾನಕ್ಕೆ ಬೆಲೆ ಕಟ್ಟುವುದು

ಅಮೆರಿಕದಲ್ಲಿ ಸ್ವಂತಕ್ಕೆ ವಿಮಾನ ಕೊಳ್ಳುವ ಪೈಲಟ್‌ಗಳಲ್ಲಿ ಬಹುಪಾಲು ಜನ ನೋಡುವುದು ಸೆಕೆಂಡ್ ಹ್ಯಾಂಡ್ ವಿಮಾನವನ್ನೇ. ಅದರಲ್ಲಿ ಹೆಚ್ಚು ಪರಿಚಿತವಾದದ್ದು ನಾಲ್ಕು ಸೀಟಿನ ಸೆಸ್ನಾ 172. ನಮ್ಮ ಬೆಂಗಳೂರಿನ ಜಕ್ಕೂರು ಪೈಲಟ್ ತರಬೇತಿ ಶಾಲೆಯಲ್ಲೂ ಅದು ಹಾರಿದೆ. 1956ರಿಂದ ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಆದರೆ 1986ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿ, ಸುಮಾರು ಹತ್ತು ವರ್ಷ ಬಿಟ್ಟು ಮತ್ತೆ ಶುರು ಮಾಡಿತು. ಹಾಗಾಗಿ ಮಾರಾಟಕ್ಕೆ ಬರುವ ಎಷ್ಟೋ ವಿಮಾನಗಳಿಗೆ ನಲವತ್ತು, ಐವತ್ತು ವರ್ಷ ವಯಸ್ಸು. ಅಂಥದ್ದರಲ್ಲಿ ರಿಪೇರಿ ಇದ್ದೇ ಇರುತ್ತದೆ. ಅದರ ಖರ್ಚು ಯಾರ ತಲೆಗೆ ಎಂಬುದೇ ಚೌಕಾಸಿಯ ವಿಷಯ.

ಮೊದಲು ಎಂಜಿನ್ ಲೆಕ್ಕ. 1968ರ ನಂತರದ ಬಹಳಷ್ಟು ಹಳೆಯ 172ಗಳಲ್ಲಿ ಲೈಕಮಿಂಗ್ ಓ-320 ಎಂಜಿನ್ ಇದೆ. 2,000 ಗಂಟೆ ಓಡಿದ ಮೇಲೆ ಅದನ್ನು ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿ ಎನ್ನುತ್ತದೆ ತಯಾರಕ ಕಂಪನಿ. ನೀವು ನೋಡುತ್ತಿರುವ ವಿಮಾನದ ಎಂಜಿನ್ 1,800 ಗಂಟೆ ಓಡಿದೆ, ಓವರ್‌ಹಾಲ್‌ಗೆ 30,000 ಡಾಲರ್ ಬೀಳುತ್ತದೆ ಎಂದುಕೊಳ್ಳೋಣ. ಬೆಲೆಯಿಂದ 30,000 ಪೂರ್ತಿ ಕಳೆಯಿರಿ ಎಂದರೆ ಮಾರುವವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮಾರುಕಟ್ಟೆ ದರವನ್ನು ಸಾಮಾನ್ಯವಾಗಿ ಅರ್ಧ ಆಯುಸ್ಸು ಕಳೆದ ಎಂಜಿನ್ ಇದೆ ಎಂದೇ ಕಟ್ಟುತ್ತಾರೆ. ಇಲ್ಲಿ ಅದಕ್ಕಿಂತ 800 ಗಂಟೆ ಹೆಚ್ಚು ಸವೆದಿದೆ. 30,000 ಡಾಲರನ್ನು 2,000 ಗಂಟೆಗೆ ಹಂಚಿದರೆ ಗಂಟೆಗೆ 15 ಡಾಲರ್, ಆ ಲೆಕ್ಕದಲ್ಲಿ 12,000 ಕೇಳುವುದು ನ್ಯಾಯ. ಲೆಕ್ಕ ಬಿಡಿಸಿಟ್ಟು ಕೇಳಿದರೆ ಮಾತು ಮುರಿದು ಬೀಳುವುದು ಕಡಿಮೆ.

ಗಂಟೆ ಕಡಿಮೆ ಇದ್ದರೆ ಸಂತೋಷಪಡಬೇಕೇ? ನನ್ನ ಮಟ್ಟಿಗೆ ಅಲ್ಲಿಯೇ ಹೆಚ್ಚು ಎಚ್ಚರ ಬೇಕು. ಈ ಎಂಜಿನ್‌ನಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟಿನ ಮೇಲ್ಭಾಗದಲ್ಲಿ. ವಿಮಾನ ತಿಂಗಳುಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆ ಕೆಳಗಿಳಿದು, ತೇವಕ್ಕೆ ತುಕ್ಕು ಹಿಡಿಯುತ್ತದೆ. ಮತ್ತೆ ಓಡಿಸಿದಾಗ ತುಕ್ಕು ತಿಂದ ಜಾಗ ಸವೆದು ಲೋಹದ ಚೂರು ಎಣ್ಣೆಗೆ ಸೇರುತ್ತದೆ. ಕ್ಯಾಮ್ ಬದಲಿಸಲು ಎಂಜಿನ್ನಿನ ಹೊಟ್ಟೆಯನ್ನೇ ಸೀಳಬೇಕು. ಹತ್ತು ವರ್ಷದಲ್ಲಿ ನೂರು ಗಂಟೆ ಹಾರಿದ ವಿಮಾನಕ್ಕಿಂತ ವಾರವಾರ ಹಾರಿದ್ದು ವಾಸಿ ಎನ್ನುವುದು ಇದಕ್ಕೇ.

ಪರೀಕ್ಷೆಗೆ ನಿಮ್ಮದೇ ಮೆಕ್ಯಾನಿಕ್ ಇರಲಿ, ಆ ವಿಮಾನವನ್ನು ಈವರೆಗೆ ನೋಡಿಕೊಂಡವರು ಬೇಡ. ನಿಮ್ಮ ಮೆಕ್ಯಾನಿಕ್ ಎಣ್ಣೆ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬೆಳಕಿಗೆ ಹಿಡಿದು ಲೋಹದ ಮಿನುಗು ಹುಡುಕುತ್ತಾರೆ. ಒಂದೊಂದೇ ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಕೊಟ್ಟು, ಎಷ್ಟು ಉಳಿಯಿತು ಎಂದು ಮೀಟರಿನಲ್ಲಿ ನೋಡುತ್ತಾರೆ. ಸೋರುವ ಗಾಳಿ ಹೊಗೆ ಕೊಳವೆಯಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವಿನ ದೋಷ. ಎಣ್ಣೆ ಹಾಕುವ ಬಾಯಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗಿನದು. ಒಂದು ಸಿಲಿಂಡರಿನ ರಿಪೇರಿ ಬೇರೆ, ಇಡೀ ಎಂಜಿನ್ನಿನದು ಬೇರೆ. ರಿಪೇರಿಗೆ ಎಷ್ಟು ಕಳೆಯಬೇಕೆಂದು ಮಾತಾಡುವ ಮುಂಚೆ ಅದು ಗೊತ್ತಿರಬೇಕು.

ಲಾಗ್‌ಬುಕ್ಕುಗಳನ್ನು ಮೊದಲ ಪುಟದಿಂದ ಓದಿ. ನಡುವಿನ ಪುಸ್ತಕ ಕಳೆದಿದ್ದರೆ ಅದೂ ಬೆಲೆ ಇಳಿಸುವ ಕಾರಣವೇ. ಸರ್ಕಾರ ಹೊರಡಿಸಿದ ಕಡ್ಡಾಯ ದುರಸ್ತಿ ಆದೇಶಗಳು ಪಾಲನೆಯಾಗಿದ್ದು ಅಲ್ಲೇ ದಾಖಲಾಗಿರುತ್ತದೆ. ವಿಮಾನದ ಮೇಲೆ ಸಾಲವಿದೆಯೇ ಎಂಬುದನ್ನು ಒಕ್ಲಹೋಮ ಸಿಟಿಯಲ್ಲಿರುವ ಅಮೆರಿಕದ ವಿಮಾನ ನೋಂದಣಿ ಕಚೇರಿಯ ದಾಖಲೆಯಲ್ಲಿ ನೋಡಿಸಬೇಕು.

ಕೊಳ್ಳುವ ಮುಂಚಿನ ತಪಾಸಣೆ ಹೀಗೇ ಇರಬೇಕೆಂದು ಅಮೆರಿಕದ ಕಾನೂನು ಹೇಳುವುದಿಲ್ಲ. ಹಾಗಾಗಿ ಬೆಲೆಯನ್ನು ತಪಾಸಣೆಗೆ ಮೊದಲೇ ಒಪ್ಪಿ, ಷರತ್ತನ್ನು ಬರೆದಿಡುವುದು ಒಳ್ಳೆಯದು: ಹಾರಾಟಕ್ಕೆ ಅಪಾಯ ತರುವ ದೋಷ ಸಿಕ್ಕರೆ ಮಾರುವವರು ಸರಿಪಡಿಸಬೇಕು, ಇಲ್ಲವೇ ಅಷ್ಟು ಹಣ ಬಿಡಬೇಕು, ಮಾಸಿದ ಬಣ್ಣ, ಹರಿದ ಸೀಟು ಕೊಳ್ಳುವವರ ಪಾಲು, ಖರ್ಚು ಇಂತಿಷ್ಟು ಮೀರಿದರೆ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು, ಮುಂಗಡ ವಾಪಸ್. ವಾರ್ಷಿಕ ತಪಾಸಣೆಯ ಅವಧಿ ಮುಗಿದ ವಿಮಾನವನ್ನು ರಿಪೇರಿಯ ಊರಿಗೆ ಹಾರಿಸಲು ವಿಶೇಷ ಪರವಾನಗಿ ಬೇಕು. ಅದನ್ನು ಯಾರು ತರಬೇಕು, ದಾರಿಯಲ್ಲಿ ಏನಾದರೂ ಆದರೆ ಯಾರ ವಿಮೆ ಎಂಬುದೂ ಅದೇ ಕಾಗದದಲ್ಲಿರಲಿ.