ರೋಗವನ್ನ ಕರೆದು ಕೂರಿಸೋ ರಾಗಿ ಹೊಲ

ಇವತ್ತು ರಾಗಿ ವಿಷಯ. ಮುದ್ದೆ ಅಲ್ಲ, ಅದಕ್ಕೂ ಮುಂಚಿನ ಕಥೆ.

ರಾಗಿಗೆ ಬರೋ ದೊಡ್ಡ ಕಾಯಿಲೆ ಬೆಂಕಿ ರೋಗ. ಕಾರಣ ಒಂದು ಶಿಲೀಂಧ್ರ, ಅಂದ್ರೆ ಫಂಗಸ್. ಮೊದಲು ಎಲೆ ಮೇಲೆ ಚುಕ್ಕೆ ಬೀಳುತ್ತೆ, ಅದನ್ನ ಪೈರು ಹೇಗೋ ಸುಧಾರಿಸ್ಕೊಳ್ಳಬಹುದು. ತೆನೆಯ ಬುಡಕ್ಕೆ, ಕುತ್ತಿಗೆಗೆ ಬಿದ್ದರೆ ಮಾತ್ರ ಕಷ್ಟ. ಅಲ್ಲಿ ಕಪ್ಪಾಗಿ, ಮೇಲಕ್ಕೆ ಆಹಾರ ಹೋಗದೆ ಕಾಳೆಲ್ಲ ಜೊಳ್ಳು. ಉಳುಮೆ, ಗೊಬ್ಬರ, ಕಳೆ ಕೂಲಿ ಎಲ್ಲ ಖರ್ಚಾದ ಮೇಲೆ ಬರೋ ಪೆಟ್ಟು ಇದು. ಮಳೆ ನಂಬಿದ ರಾಗಿಗೆ ಔಷಧಿ ಹೊಡೆಯೋಷ್ಟು ದುಡ್ಡು ಎಷ್ಟು ಜನರ ಹತ್ರ ಇರುತ್ತೆ? ತಡೆಯೋ ಶಕ್ತಿ ಬೀಜದಲ್ಲೇ ಇದ್ರೆ ವಾಸಿ.

ಯಾವ ಬೀಜದಲ್ಲಿದೆ ಅಂತ ಗೊತ್ತಾಗೋದು ಹೇಗೆ? ಇಲ್ಲೇ ನನಗೆ ಮಜಾ ಅನ್ನಿಸಿದ್ದು. ವಿಜ್ಞಾನಿಗಳು ರೋಗವನ್ನೇ ಕರೆದು ಕೂರಿಸ್ತಾರೆ. ಪರೀಕ್ಷೆಯ ತಳಿಗಳನ್ನ ಸಾಲಾಗಿ ಬಿತ್ತಿ, ನಡುನಡುವೆ ರೋಗಕ್ಕೆ ಸುಲಭವಾಗಿ ಬೀಳೋ ಒಂದು ತಳಿ ಹಾಕ್ತಾರೆ. ಸಾರಜನಕ ಧಾರಾಳ. ಎಲೆ ಒದ್ದೆಯಾಗಿರಲಿ ಅಂತ ನೀರು ಚಿಮುಕಿಸ್ತಾರೆ. ಸಾಲದಿದ್ರೆ ಫಂಗಸ್‌ನ ಬೀಜಕಣ ಕಲಸಿದ ನೀರನ್ನೇ ಸಿಂಪಡಿಸ್ತಾರೆ.

ಆ ಸೋಲೋ ತಳಿಗೆ ಎರಡು ಕೆಲಸ. ಒಂದು, ರೋಗ ಹರಡೋದು. ಇನ್ನೊಂದು, ಸಾಕ್ಷಿ ಹೇಳೋದು. ಅದೇ ಹಸಿರಾಗಿ ನಿಂತಿದ್ರೆ ಈ ಸಲ ರೋಗವೇ ಸರಿಯಾಗಿ ಬಂದಿಲ್ಲ ಅಂತ ಅರ್ಥ. ಆಗ ಪಕ್ಕದ ಸಾಲು ಎಷ್ಟೇ ಕ್ಲೀನಾಗಿದ್ರೂ ಪಾಸ್ ಅನ್ನೋ ಹಾಗಿಲ್ಲ. ತಡೆದುಕೊಂಡದ್ದು ಬೇರೆ, ತಪ್ಪಿಸಿಕೊಂಡದ್ದು ಬೇರೆ ಅಲ್ವಾ?

ಮಾರ್ಕ್ಸ್ ಉಲ್ಟಾ, 0 ಬಂದ್ರೇನೇ ಫಸ್ಟ್. ಎಲೆಗೆ ಒಂದು ಲೆಕ್ಕ, ಕುತ್ತಿಗೆಗೆ ಬೇರೆ ಲೆಕ್ಕ: 100 ತೆನೆಯಲ್ಲಿ ಎಷ್ಟಕ್ಕೆ ರೋಗ ಬಿತ್ತು ಅಂತ. ಎಲೆಯಲ್ಲಿ ಗೆದ್ದ ತಳಿ ಕುತ್ತಿಗೆಯಲ್ಲಿ ಸೋಲಬಹುದು, ಹಾಗಾಗಿ ತೆನೆ ಬರೋ ತನಕ ಕಾಯಲೇಬೇಕು.

ಬೆಂಕಿ ರೋಗ ತಡೆಯುತ್ತೆ ಅಂತ ನಮ್ಮ ಕಡೆ ಹೆಸರು ಮಾಡಿದ ಜಿಪಿಯು-28 ತಳಿ ಬಂದಿದ್ದು ಬೆಂಗಳೂರಿನ ಜಿಕೆವಿಕೆಯಿಂದ. ಇಂಡಾಫ್-5, ಇಂಡಾಫ್-9 ಅದರ ಪೂರ್ವಜರು. ಇಂಡಾಫ್ ಅಂದ್ರೆ ಇಂಡಿಯಾ ಮತ್ತು ಆಫ್ರಿಕಾ: ಡಾ. ಲಕ್ಷ್ಮಣಯ್ಯ ಎರಡೂ ಕಡೆಯ ರಾಗಿ ಕೂಡಿಸಿ ಮಾಡಿದ ತಳಿಗಳು.

ಫಂಗಸ್ಸೂ ಸುಮ್ಮನಿರಲ್ಲ, ಬದಲಾಗ್ತಾ ಇರುತ್ತೆ. ಅದಕ್ಕೇ ಒಮ್ಮೆ ಪಾಸಾದ ತಳಿಯನ್ನೂ ರೋಗದ ಹೊಲಕ್ಕೆ ಮತ್ತೆ ಇಳಿಸ್ತಾರೆ. ನಿಮ್ಮೂರಲ್ಲಿ ಈ ಸಲ ಯಾವ ರಾಗಿ ಬಿತ್ತಿದ್ದಾರೆ? ಮನೆಗೆ ಫೋನ್ ಮಾಡಿದಾಗ ಕೇಳಿ ನೋಡಿ.