ಚಿಕಿತ್ಸೆಯಿಂದ ನಿಂತ ಗರ್ಭ: ಕಸ, ಹೊಕ್ಕುಳಬಳ್ಳಿಯ ಕಡೆ ಗಮನವಿರಲಿ



ಎಷ್ಟೋ ವರ್ಷ ಮಕ್ಕಳಾಗದೆ, ಕೊನೆಗೆ ಐ.ವಿ.ಎಫ್. (ಪ್ರನಾಳ ಶಿಶು) ಚಿಕಿತ್ಸೆಯಿಂದ ಬಸುರಿಯಾದವರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಈ ವಿಧಾನದ ಮೊದಲ ಮಗು 1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಇಂಥ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಆದರೂ ಕೆಲವು ವಿಷಯ ತಿಳಿದಿರಬೇಕು.

ಕಸ (ಮಾಸು) ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ತಾಯಿಯ ರಕ್ತದಿಂದ ಆಹಾರ, ಆಮ್ಲಜನಕ ಪಡೆದು, ಸುಮಾರು 50 ಸೆಂ.ಮೀ. ಉದ್ದದ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಕಳಿಸುತ್ತದೆ. ಐ.ವಿ.ಎಫ್. ಗರ್ಭದಲ್ಲಿ ಮೂರು ತೊಂದರೆಗಳು ಬೇರೆಯವರಿಗಿಂತ ಹೆಚ್ಚು:

1. ಕಸ ಕೆಳಗೆ ಕೂರುವುದು: ಕಸ ಗರ್ಭಕೋಶದ ಬಾಯಿಯನ್ನೇ ಮುಚ್ಚಿರುತ್ತದೆ. ನೋವಿಲ್ಲದೆ ರಕ್ತ ಹೋಗಬಹುದು.

2. ಬಳ್ಳಿ ಪೊರೆಗೆ ಸೇರುವುದು: ಕಸಕ್ಕೆ ಸೇರಬೇಕಾದ ಬಳ್ಳಿ ಪಕ್ಕದ ಪೊರೆಗೆ ಸೇರಿರುತ್ತದೆ. ಸಾಮಾನ್ಯವಾಗಿ ಇದು ನೂರರಲ್ಲಿ ಒಬ್ಬರಿಗೆ. ಅವಳಿ ಮಕ್ಕಳಿದ್ದರೂ ಹೆಚ್ಚು.

3. ವಾಸಾ ಪ್ರೀವಿಯಾ: ಮಗುವಿನ ರಕ್ತನಾಳ ಗರ್ಭಕೋಶದ ಬಾಯಿಯ ಮೇಲೆ ಹಾದುಹೋಗಿರುತ್ತದೆ. ಇದು ಅಪರೂಪ, ಆದರೆ ಅಪಾಯ. ನೀರು ಒಡೆದಾಗ ನಾಳ ಹರಿದರೆ ಹೋಗೋದು ತಾಯಿಯ ರಕ್ತವಲ್ಲ, ಮಗುವಿನದು. ಮಗುವಿನ ಮೈಯಲ್ಲಿರೋದೇ ಒಂದು ಲೋಟದಷ್ಟು ರಕ್ತ!

ಮೊದಲೇ ಗೊತ್ತಾದರೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಉಳಿಯುತ್ತವೆ. ವಾಸಾ ಪ್ರೀವಿಯಾ ಇದ್ದರೆ ಹೆರಿಗೆ ನೋವು ಬರುವ ಮೊದಲೇ, 34ರಿಂದ 37ನೇ ವಾರದೊಳಗೆ ಸಿಸೇರಿಯನ್ ಮಾಡುತ್ತಾರೆ.

ನಾವೇನು ಮಾಡಬೇಕು?

* ಐ.ವಿ.ಎಫ್. ಆದದ್ದನ್ನು ನರ್ಸಮ್ಮನಿಂದಾಗಲಿ ಡಾಕ್ಟರಿಂದಾಗಲಿ ಮುಚ್ಚಿಡಬೇಡಿ. ನಾಚಿಕೆಗಿಂತ ಮಗುವಿನ ಜೀವ ದೊಡ್ಡದು.
* 18ರಿಂದ 22ನೇ ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ. "ಕಸ ಎಲ್ಲಿದೆ? ಬಳ್ಳಿ ಎಲ್ಲಿ ಸೇರಿದೆ?" ಎಂದು ಧೈರ್ಯವಾಗಿ ಕೇಳಿ.
* ಆಗ ಕಸ ಕೆಳಗಿದೆ ಎಂದರೆ ಗಾಬರಿ ಬೇಡ. ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಅದು ಮೇಲಕ್ಕೆ ಸರಿಯುತ್ತದೆ. ಸುಮಾರು 32ನೇ ವಾರಕ್ಕೆ ಮತ್ತೆ ಸ್ಕ್ಯಾನಿಂಗ್ ಮಾಡಿಸಿ.
* ರಕ್ತ ಕಂಡರೆ ಸ್ವಲ್ಪವೇ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಪರೇಷನ್ ಮತ್ತು ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಗೆ ಹೋಗಿ. ಕಸ ಎಲ್ಲಿದೆ ಎಂದು ತಿಳಿಯುವ ತನಕ ಕೈ ಹಾಕಿ ಒಳಪರೀಕ್ಷೆ ಮಾಡಬಾರದು.

"ಭಾರ ಎತ್ತಿದಳು, ಗ್ರಹಣ ನೋಡಿದಳು, ಅದಕ್ಕೇ ಹೀಗಾಯ್ತು" ಎಂದು ಯಾರನ್ನೂ ದೂರಬೇಡಿ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಮುಂದಿನ ಸಭೆಯಲ್ಲಿ ಇದನ್ನು ಎಲ್ಲರಿಗೂ ಓದಿ ಹೇಳಿ. ಸಂಘದಲ್ಲಿ ಬಸುರಿಯರಿದ್ದರೆ ಸ್ಕ್ಯಾನಿಂಗಿಗೆ ಜೊತೆಯಾಗಿ ಹೋಗಿ.