ಹಳೆಯ ಎಂಜಿನ್ನಿನ ನಾಡಿ ನೋಡುವ ಬಗೆ

ಹೊರಕೆರೆದೇವಪುರದ ಸುತ್ತಿನ ಅಡಿಕೆ, ತೆಂಗಿನ ತೋಟಗಳಿಗೆ ಬೇಸಿಗೆಯೆಂದರೆ ಪರೀಕ್ಷೆಯ ಕಾಲ. ವಿದ್ಯುತ್ತು ಕೈಕೊಟ್ಟಾಗ ಕೃಷಿ ಹೊಂಡದ ನೀರೆತ್ತಲು ಡೀಸೆಲ್ ಎಂಜಿನ್ ಬೇಕು. ಹೊಸದಕ್ಕೆ ಹಣ ಸಾಲದವರು ಹಳೆಯದನ್ನು ಹುಡುಕುತ್ತಾರೆ. ಬಣ್ಣ ಬಳಿದು ನಿಲ್ಲಿಸಿದ ಎಂಜಿನ್ ನೋಡಲು ಹೊಸದರಂತೆಯೇ ಇರುತ್ತದೆ. ಒಳಗೆ ಸವೆದಿದ್ದರೆ ಸಾಲದ ಹಣವೂ ಹೋಯಿತು, ತೋಟವೂ ಒಣಗಿತು. ಮತ್ತೆ ನೆಟ್ಟ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಕಾಯಬೇಕು. ವಿದ್ಯಾರ್ಥಿ ಮಿತ್ರರೆ, ನೀವು ಶಾಲೆಯಲ್ಲಿ ಓದಿದ ವಿಜ್ಞಾನದಿಂದ ಈ ನಷ್ಟವನ್ನು ತಪ್ಪಿಸಲು ಸಾಧ್ಯ. ಹೇಗೆಂದು ನೋಡೋಣ.

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇರುವುದಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರ ಒತ್ತಡವನ್ನೇ ನಂಬಿದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ಬಲ್ಲಿರಿ. ಇಲ್ಲಿ ಪಿಸ್ಟನ್ ಗಾಳಿಯನ್ನು ಮೂಲ ಗಾತ್ರದ ಸುಮಾರು 15ರಿಂದ 20ರಲ್ಲೊಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆ ಬಿಸಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗು ಅಥವಾ ವಾಲ್ವು ಸವೆದು ಗಾಳಿ ಸೋರಿದರೆ ಈ ಬಿಸಿ ಹುಟ್ಟುವುದಿಲ್ಲ.

ಆದುದರಿಂದ ಮೊದಲು ಎಂಜಿನ್ ಮುಟ್ಟಿ ನೋಡಿ. ಅದು ತಣ್ಣಗಿರಬೇಕು. ಮುಂಚೆಯೇ ಓಡಿಸಿ ಬಿಸಿಮಾಡಿಟ್ಟಿದ್ದರೆ, ಚಾಲೂ ಆಗಲು ಅದು ಪಡುವ ಕಷ್ಟ ನಿಮಗೆ ತಿಳಿಯದು. ಡೀಸೆಲ್ ಬರುವುದನ್ನು ನಿಲ್ಲಿಸಿ, ಬಲ್ಲವರೊಬ್ಬರಿಂದ ಫ್ಲೈವೀಲನ್ನು ಮೆಲ್ಲಗೆ ಕೈಯಲ್ಲಿ ತಿರುಗಿಸಿ ನೋಡಿ. ಒಂದು ಹಂತದಲ್ಲಿ ಅದು ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳಬೇಕು. ಸಲೀಸಾಗಿ ಸುತ್ತಿಬಿಟ್ಟರೆ ಒತ್ತಡ ಸೋರುತ್ತಿದೆಯೆಂದೇ ಅರ್ಥ.

ಆಮೇಲೆ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಪರೀಕ್ಷಿಸಿ. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಾಗುವುದು ಸಹಜ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಹೊಳೆಯುವ ಕಣಗಳಿದ್ದರೆ ಒಳಗಿನ ಲೋಹ ಸವೆಯುತ್ತಿದೆ.

ಇನ್ನು ಚಾಲೂ ಮಾಡಿಸಿ, ಹೊಗೆ ಗಮನಿಸಿ. ತಣ್ಣನೆಯ ಎಂಜಿನ್ ಕ್ಷಣಕಾಲ ಬಿಳಿ ಹೊಗೆ ಬಿಟ್ಟರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಉರಿಯದೆ ಹೊರಬರುತ್ತಿರಬಹುದು, ಇಲ್ಲವೆ ಸಿಲಿಂಡರಿಗೆ ನೀರು ನುಗ್ಗುತ್ತಿರಬಹುದು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆ. ಇದರ ದುರಸ್ತಿಗೆ ಖರ್ಚು ಹೆಚ್ಚು. ಕಪ್ಪು ಹೊಗೆಗೆ ಗಾಳಿಯ ಕೊರತೆ, ಕೆಟ್ಟ ನಾಝಲ್ ಅಥವಾ ಅತಿಭಾರ ಕಾರಣ. ಫಿಲ್ಟರ್ ಶುಚಿ ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತದೆ.

ಬರಿದೇ ಓಡಿಸಿ ಒಪ್ಪಿಕೊಳ್ಳಬೇಡಿ. ಪಂಪು ಜೋಡಿಸಿ ಅರ್ಧ ಗಂಟೆಯಾದರೂ ನೀರೆತ್ತಿಸಿ. ಪಂಪು ನೀರಿನ ಮಟ್ಟದಿಂದ ಸುಮಾರು 7 ಮೀಟರಿಗಿಂತ ಮೇಲಿರಬಾರದು. ವಾತಾವರಣದ ಒತ್ತಡ ಸುಮಾರು 10 ಮೀಟರ್ ನೀರಿನ ಕಂಬವನ್ನಷ್ಟೇ ಎತ್ತಿ ಹಿಡಿಯಬಲ್ಲುದು. ಅದನ್ನು ಮರೆತು ಎಂಜಿನ್ನನ್ನು ದೂರುವುದು ನ್ಯಾಯವಲ್ಲ.

ಮಲ್ಪೆಯ ಮೀನುಗಾರರು ಹಳೆಯ ದೋಣಿ ಕೊಳ್ಳುವಾಗಲೂ ಇದೇ ಕ್ರಮ ಸಲ್ಲುತ್ತದೆ. ಜೊತೆಗೆ ಉಪ್ಪುನೀರು ಲೋಹವನ್ನು ತಿಂದಿದೆಯೇ, ತಂಪುಗೊಳಿಸುವ ನೀರು ಸರಾಗವಾಗಿ ಹರಿಯುತ್ತಿದೆಯೇ ಎಂಬುದನ್ನೂ ನೋಡಬೇಕು. ನಮ್ಮ ತೋಟದಲ್ಲಿ ಎಂಜಿನ್ ನಿಂತರೆ ನಾಳೆ ದುರಸ್ತಿ ಮಾಡಿಸಬಹುದು. ನಡುಗಡಲಿನಲ್ಲಿ ನಿಂತರೆ ಜೀವಕ್ಕೇ ಸಂಚಕಾರ.

ಒಂದು ಎಚ್ಚರಿಕೆ: ಸಡಿಲ ಬಟ್ಟೆ, ಬಿಚ್ಚಿದ ಜಡೆ ಬೆಲ್ಟಿನ ಬಳಿ ಸುಳಿಯದಿರಲಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿ ವಿಷಾನಿಲವಿರುತ್ತದೆ. ಇಷ್ಟನ್ನು ನೋಡಿಕೊಂಡು, ನಂಬಿಕೆಯ ಮೆಕ್ಯಾನಿಕ್‌ನ ಮಾತನ್ನೂ ಕೇಳಿದ ಮೇಲೆ ಬೆಲೆಯ ಮಾತನಾಡಿ. ಮುಂಗಡ ಕೊಡುವುದು ಕೊನೆಯ ಕೆಲಸವಾಗಿರಲಿ.